ಹಟ್ಟಿ ಕೊಟ್ಟದ್ದು, ಊರು ಕೊಡಬೇಕಾದದ್ದು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಯುವಜನ



ಯುವಜನರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಬಳಕೆಯಲ್ಲಿದೆ. ಒಂದು ದೂರಿನ ಮಾತು. ‘ಈಗಿನ ಹುಡುಗ್ರು ಕೆಟ್ಟೋಗಿದಾರೆ’ ಎಂಬುದು ಹೋಟೆಲಿನ ಬೆಂಚಿನಿಂದ ಹಿಡಿದು ಶಾಲಾ ಅಭಿವೃದ್ಧಿ ಸಮಿತಿಯ ಸಭೆಯವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಇನ್ನೊಂದು ಹೊಗಳಿಕೆಯ ಮಾತು. 1985ರಿಂದ ಪ್ರತಿ ಜನವರಿ 12ರಂದು ರಾಷ್ಟ್ರೀಯ ಯುವ ದಿನ ಆಚರಿಸುತ್ತ ಬಂದಿದ್ದೇವೆ. ಅಂದು ಮಾತ್ರ ಅದೇ ಹುಡುಗರು ದೇಶದ ಆಸ್ತಿಯಾಗುತ್ತಾರೆ. ದೂರುವವರಿಗೂ ಹೊಗಳುವವರಿಗೂ ಒಂದು ಸಮಾನ ಅನುಕೂಲವಿದೆ. ಇಬ್ಬರೂ ಎಲ್ಲವನ್ನೂ ಹುಡುಗರ ತಲೆಗೇ ಕಟ್ಟಿ ತಾವು ಪಾರಾಗುತ್ತಾರೆ. ಕೆಟ್ಟರೆ ಅವರ ತಪ್ಪು, ಗೆದ್ದರೆ ಅವರ ಸಾಧನೆ. ಇದರಲ್ಲಿ ಊರಿನ ಪಾಲೆಷ್ಟು ಎಂಬ ಪ್ರಶ್ನೆ ಏಳುವುದೇ ಇಲ್ಲ. ಇಂದಿನ ಉಪನ್ಯಾಸ ಆ ಪ್ರಶ್ನೆಯನ್ನು ಕುರಿತದ್ದು.

ವಯಸ್ಸಿನ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಎಣಿಸುತ್ತದೆ. ಭಾರತದ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನರೆಂದಿತು. ಇವೆರಡನ್ನೂ ಒಟ್ಟು ಸೇರಿಸಿದ ಹರವಿನೊಳಗೆ, ಏಳನೇ ತರಗತಿಯಿಂದ ಮೊದಲ ಸಂಬಳದವರೆಗಿನ ವಯಸ್ಸು ನನ್ನ ಮಾತಿನ ವ್ಯಾಪ್ತಿ. ಈ ವಯಸ್ಸಿನವರಿಗೆ ಊರು ಕೊಡಬೇಕಾದದ್ದು ಮೂರು: ಸೇರಲು ಒಂದು ಜಾಗ, ತಂದೆತಾಯಿಯರಲ್ಲದ ಹಿರಿಯರೊಬ್ಬರ ಜೊತೆ, ನಿಜವಾದ ಒಂದು ಹೊಣೆ. ಈ ಸೀಮೆಯ ಹಟ್ಟಿಗಳು ಇವನ್ನು ಒಂದು ಕಾಲಕ್ಕೆ ತಮ್ಮ ಮಕ್ಕಳಿಗೆ ಕೊಡುತ್ತಿದ್ದವು. ಆದರೆ ಹುಟ್ಟಿನ ಲೆಕ್ಕದಲ್ಲಿ, ಅದೂ ಬಹುಮಟ್ಟಿಗೆ ಗಂಡುಮಕ್ಕಳಿಗೆ ಮಾತ್ರ. ಇಂದಿನ ಪಟ್ಟಣ ಅವನ್ನು ಎಲ್ಲರಿಗೂ ಹಕ್ಕಿನ ಲೆಕ್ಕದಲ್ಲಿ ಕೊಡಬೇಕು. ನನ್ನ ವಾದ ಇಷ್ಟೇ. ಉಳಿದದ್ದು ಇದರ ವಿವರಣೆ.

ಉಪದೇಶಕ್ಕೆ ಬರವಿಲ್ಲದ ನೆಲ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬುದು ಅವುಗಳ ಸಾರ. ಎಳೆಯರಿಗೆ ನಾವು ಇಂದಿಗೂ ಹೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಎರಡು ಸಾವಿರದ ಇನ್ನೂರು ವರ್ಷಗಳಿಂದ ಈ ನೆಲದಲ್ಲಿ ಉಪದೇಶಕ್ಕೆ ಬರ ಬಂದದ್ದಿಲ್ಲ.

ಆದರೆ ಆ ಶಾಸನದಲ್ಲಿ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಅದು ನೇರವಾಗಿ ಮಕ್ಕಳನ್ನು ಉದ್ದೇಶಿಸಿದ್ದಲ್ಲ. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆದೇಶ. ಎರಡನೆಯದು, ದೊಡ್ಡವರಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರೂ ಉನ್ನತವಾದುದನ್ನು ಪಡೆಯಬಲ್ಲರು ಎಂಬ ಮಾತು ಅದರಲ್ಲಿದೆ. ಆಡಳಿತ ಹೊಣೆ ಹೊರಬೇಕು, ಸಣ್ಣವರಿಗೆ ಅವಕಾಶ ಇರಬೇಕು. ಉಪದೇಶದ ಭಾಗವನ್ನು ನಾವು ಚೆನ್ನಾಗಿಯೇ ಉಳಿಸಿಕೊಂಡಿದ್ದೇವೆ. ಕೈಬಿಟ್ಟದ್ದು ಈ ಎರಡನ್ನು.

ಹರೆಯದ ಸ್ವಭಾವ

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ; ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಚೆನ್ನಾಗಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಿಂದಲೇ ಹೇಳುತ್ತಿದೆ. ಹರೆಯದಲ್ಲಿ ಈ ಮೂರೂ ಒಟ್ಟಿಗೇ ಅಲುಗಾಡುತ್ತವೆ. ಮಿದುಳಿನ ಅಧ್ಯಯನಗಳು ಹೇಳುವ ಪ್ರಕಾರ, ಹೊಸತಿಗಾಗಿ ಹಾತೊರೆಯುವ, ಗೆಳೆಯರ ಮೆಚ್ಚುಗೆಗೆ ಹಿಗ್ಗುವ ಭಾಗ ಈ ವಯಸ್ಸಿನಲ್ಲಿ ಬೇಗ ಚುರುಕಾಗುತ್ತದೆ. ಮುಂದಾಲೋಚನೆ ಮಾಡಿ ಕಡಿವಾಣ ಹಾಕುವ ಭಾಗ ಪೂರ್ತಿ ಬಲಿಯಲು ಇಪ್ಪತ್ತರ ಮಧ್ಯದವರೆಗೂ ಸಮಯ ಹಿಡಿಯುತ್ತದೆ. ಆದ್ದರಿಂದ ಹುಡುಗರು ಅಪಾಯಕ್ಕೆ ಎದೆಯೊಡ್ಡುವುದು ವಯಸ್ಸಿನ ಗುಣ. ಅದನ್ನು ಅವಗುಣ ಎನ್ನುವುದು ಅನ್ಯಾಯ. ಆ ಹುಮ್ಮಸ್ಸಿಗೆ ಊರು ಯಾವ ಕಣ ತೋರಿಸುತ್ತದೆ ಎಂಬುದೇ ಪ್ರಶ್ನೆ.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯನ್ನು ನೋಡಿದವರು ಇಲ್ಲಿ ಅನೇಕರಿದ್ದೀರಿ. ಬಾರೆಕಳ್ಳೆಯ ಮುಳ್ಳನ್ನು ಒಟ್ಟಿ ಎತ್ತರಕ್ಕೆ ಗುಡಿ ಕಟ್ಟುತ್ತಾರೆ. ತುದಿಯಲ್ಲಿ ಕಳಶ. ಕಾಡುಗೊಲ್ಲ ಯುವಕರು ಬರಿಗಾಲಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ರಾಶಿಯ ಮೇಲೆ ಹತ್ತಿ ಕಳಶ ಇಳಿಸುತ್ತಾರೆ. ಸುತ್ತಲೂ ಸಾವಿರಾರು ಜನ. ಭಕ್ತಿಯ ದೃಷ್ಟಿಯಿಂದ ಅದು ಹರಕೆ, ಪವಾಡ. ನನ್ನ ಇಂದಿನ ವಿಷಯದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಅಪಾಯವಿದೆ, ಆದರೆ ಅದಕ್ಕೊಂದು ಕಟ್ಟುಪಾಡಿದೆ. ಧೈರ್ಯವಿದೆ, ಅದನ್ನು ನೋಡಲು ಹಿರಿಯರಿದ್ದಾರೆ. ಇಳಿದು ಬಂದವನಿಗೆ ಸಮುದಾಯದ ಮನ್ನಣೆಯಿದೆ. ರಾತ್ರಿ ಹೆದ್ದಾರಿಯಲ್ಲಿ ಹೆಲ್ಮೆಟ್ಟಿಲ್ಲದೆ ಬೈಕಿನ ಚಕ್ರ ಎತ್ತಿ ಓಡಿಸುವ ಹುಡುಗನೂ ಹುಡುಕುತ್ತಿರುವುದು ಈ ಮೂರನ್ನೇ. ಅವನಿಗೆ ಸಿಗುವುದು ಮೊಬೈಲಿನಲ್ಲಿ ವಿಡಿಯೊ ಮಾಡುವ ನಾಲ್ಕು ಗೆಳೆಯರು ಮಾತ್ರ.

ಹಟ್ಟಿ ಏನು ಕೊಡುತ್ತಿತ್ತು

ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಈ ಸೀಮೆಯವರಿಗೆ ಪರಿಚಯಿಸಬೇಕಿಲ್ಲ. ಮಾರಲಾಗದ, ಹೂಡಲಾಗದ, ದೇವರದೆಂದು ನಂಬಿದ ಹಿಂಡನ್ನು ಮೇಯಿಸುವ ಕೆಲಸ ಅದು. ಅವರ ಜೊತೆ ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ, ಹೋಗುವ ಹುಡುಗನಿಗೆ ಮೇವು ಎಲ್ಲಿದೆ, ನೀರು ಎಲ್ಲಿದೆ ಎಂಬ ತಿಳಿವಳಿಕೆ ಬರುತ್ತಿತ್ತು. ಜೊತೆಗೆ ತನ್ನದಲ್ಲದ ಸೊತ್ತನ್ನು ತನ್ನ ಜೀವದಂತೆ ನೋಡಿಕೊಳ್ಳುವ ಹೊಣೆಯೂ ಬರುತ್ತಿತ್ತು. ತಪ್ಪು ನಡೆದರೆ ಕೇಳಲು ಕಟ್ಟೆಮನೆ, ಅಂದರೆ ಸಮುದಾಯದ ಹಿರಿಯರ ನ್ಯಾಯಪೀಠ, ಇತ್ತು. ಮ್ಯಾಸಬೇಡರಲ್ಲಿ ಮದ್ಯ ಮುಟ್ಟಬಾರದೆಂಬ ಸಾಂಪ್ರದಾಯಿಕ ಕಟ್ಟು ಇತ್ತು. ಇಂದು ವ್ಯಸನಮುಕ್ತಿಗೆಂದು ಶಿಬಿರ ನಡೆಸುವ ನಾವು, ಒಂದು ಸಮುದಾಯ ಸ್ವಂತ ನಂಬಿಕೆಯಿಂದಲೇ ಅಂಥ ಗೆರೆ ಎಳೆದುಕೊಂಡಿದ್ದನ್ನು ಹಗುರವಾಗಿ ಕಾಣಬಾರದು.

ಮಗ್ಗದ ಮನೆಗಳಲ್ಲೂ ಇದೇ ಪಾಠ ಇತ್ತು. ಚಳ್ಳಕೆರೆ ಭಾಗದ ಕಂಬಳಿ ನೇಯ್ಗೆಯನ್ನೇ ನೋಡಿ. ಕತ್ತರಿಸಿದ ಉಣ್ಣೆಯನ್ನು ಹಿಂಜಿ, ನೂತು, ಹಾಸನ್ನು ಬಯಲಲ್ಲಿ ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿದು ಒಣಗಿಸಿ ಮಗ್ಗಕ್ಕೆ ಏರಿಸಬೇಕು. ಗಂಜಿ ಹೆಚ್ಚಾದರೆ ಎಳೆ ಬಿರುಸಾಗಿ ಮುರಿಯುತ್ತದೆ. ಕಡಿಮೆಯಾದರೆ ಲಾಳಿಯ ತಿಕ್ಕಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಹದ ಎಷ್ಟೆಂದು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜನ ಕೈ ನೋಡಿ ಕಲಿಯಬೇಕು. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಕೂತ ಮಗುವೂ ಹಾಗೆಯೇ ಕಲಿತದ್ದು. ಕೆಲಸದ ಜೊತೆಗೆ ಸಿಗುತ್ತಿದ್ದದ್ದು ಹಿರಿಯರ ದೀರ್ಘಕಾಲದ ಒಡನಾಟ.

ಆದರೆ ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಅದರ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಹಟ್ಟಿಯ ಆಸರೆ ಹಟ್ಟಿಯಲ್ಲಿ ಹುಟ್ಟಿದವರಿಗೆ ಮಾತ್ರ. ಕೇರಿಯ ಹುಡುಗನಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಮಗ್ಗ ಕೌಶಲ ಕಲಿಸಿತು ನಿಜ, ಎಷ್ಟೋ ಮಕ್ಕಳ ಶಾಲೆಯನ್ನೂ ಬಿಡಿಸಿತು. ಹೆಣ್ಣುಮಕ್ಕಳ ಪಾಲಿಗಂತೂ ಹರೆಯ ಬಂತೆಂದರೆ ಬಾಗಿಲು ಮುಚ್ಚುವ ಕಾಲ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇರಿಸುವ ರೂಢಿ, ಬೇಗ ಮದುವೆ ಮಾಡಿ ಮುಗಿಸುವ ರೂಢಿ ಎರಡೂ ಅವರ ಮೇಲೆಯೇ ಬಿದ್ದವು. ಅದೇ ಗೊಲ್ಲರಹಟ್ಟಿಯ ಬದುಕಿನಿಂದಲೇ ಯಲಗಟ್ಟೆಯ ಸಿರಿಯಜ್ಜಿ ಬಂದರು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ವಿದ್ವಾಂಸರು ಹಟ್ಟಿಗೇ ಬಂದು ಬರೆದುಕೊಂಡು ಹೋದರು. ಅಂಥ ಬುದ್ಧಿಶಕ್ತಿಯ ಎಷ್ಟು ಹುಡುಗಿಯರು ಯಾರ ಗಮನಕ್ಕೂ ಬಾರದೆ ಹೋದರೋ ಎಂದು ಯೋಚಿಸಿದರೆ, ನಾವು ಕಳೆದುಕೊಂಡದ್ದು ಎಷ್ಟೆಂಬುದು ಅಂದಾಜಾದೀತು.

ಕರಗಿದ ಆಸರೆ

ಆ ವ್ಯವಸ್ಥೆ ಈಗ ಹಳೆಯ ರೂಪದಲ್ಲಿ ಉಳಿದಿಲ್ಲ. ಅದಕ್ಕೆ ಕಾರಣ ಯಾರೊಬ್ಬರ ದುರ್ಬುದ್ಧಿಯಲ್ಲ. ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಶೇಂಗಾ ಕೈಕೊಟ್ಟಿತು, ಕೊಳವೆಬಾವಿ ಬತ್ತಿತು. ಎಣ್ಣೆಯ ಊರೆಂದು ಹೆಸರಾಗಿದ್ದ ಚಳ್ಳಕೆರೆಯ ಹಲವು ಮಿಲ್ಲುಗಳು ಹೊರದೇಶದ ತಾಳೆ ಎಣ್ಣೆಯ ಎದುರು ನಿಲ್ಲಲಾರದೆ ಮುಚ್ಚಿದವು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಆದರೆ ಮಗನನ್ನು ಮಗ್ಗಕ್ಕೆ ಕೂರಿಸಲು ನೇಕಾರರೇ ಹಿಂಜರಿಯುತ್ತಾರೆ. ಹುಡುಗರು ಬೆಂಗಳೂರಿಗೆ, ಬಳ್ಳಾರಿ–ರಾಯದುರ್ಗಗಳ ಜೀನ್ಸ್ ಘಟಕಗಳಿಗೆ ಗುಳೆ ಹೋಗುತ್ತಾರೆ. ಪಕ್ಕದ ಬಳ್ಳಾರಿಯ ಯುವಕರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಗಡಿಯ ಈಚೆ ಅದೇ ಬರ, ಅದೇ ಬಡತನ ಇದ್ದರೂ ಮೊಳಕಾಲ್ಮೂರಿಗೆ ಅದಿಲ್ಲ. ಈ ಅಸಮಾಧಾನ ಇಲ್ಲಿನ ಯುವಕರ ಮನಸ್ಸಿನಲ್ಲಿ ಹೊಗೆಯಾಡುತ್ತಿರುವುದು ಸಹಜ.

ಕಾವಲಿನ ಕಥೆಯೂ ಇದೇ ಕಾಲದ್ದು. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ಜಾಗ ಕೊಡಲಾಯಿತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿಯೇ ಇಳಿಸುವ ಪರೀಕ್ಷೆಯನ್ನು ಇಲ್ಲಿನ ರನ್‌ವೇಯಲ್ಲೇ ನಡೆಸಿತು. ದೇಶಕ್ಕೆ ಅದು ಹೆಮ್ಮೆ. ದನ ಕುರಿ ಮೇಯಿಸುತ್ತಿದ್ದ ಮನೆಯ ಹುಡುಗನಿಗೆ ಮಾತ್ರ ಕಾವಲು ಹೋಗಿ ಬೇಲಿ ಬಂತು. ಬೇಲಿಯ ಒಳಗಿನ ಜ್ಞಾನದಲ್ಲಿ ತನಗೂ ಪಾಲಿದೆ ಎಂದು ಅವನಿಗೆ ಅನ್ನಿಸುವಂತೆ ಮಾಡದಿದ್ದರೆ, ಜಾಗವೂ ಹೋಯಿತು ಪ್ರತಿಫಲವೂ ಇಲ್ಲ ಎಂಬಂತಾಗುತ್ತದೆ.

ಖಾಲಿಯಾದ ಈ ಜಾಗಕ್ಕೆ ಮೊಬೈಲು ಬಂದಿದೆ. ಅದನ್ನು ಸುಮ್ಮನೆ ಬೈದು ಪ್ರಯೋಜನವಿಲ್ಲ. ಪಾಠ, ಅರ್ಜಿ, ಕೆಲಸದ ಸುದ್ದಿ ಎಲ್ಲ ಅದರಲ್ಲೇ ಬರುತ್ತದೆ. ಆದರೆ ಅದರ ಬೆನ್ನಲ್ಲೇ ಕ್ರಿಕೆಟ್ ಬೆಟ್ಟಿಂಗು, ಹಣದ ಆಟ, ಸಾಲದ ಆ್ಯಪುಗಳೂ ಬಂದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಕಾನೂನು ಆ ಬಾಗಿಲನ್ನು ಮುಚ್ಚಬಹುದು. ಸಂಜೆ ಆರರ ಹೊತ್ತಿಗೆ ಆ ಹುಡುಗ ಬೇರೆ ಯಾವ ಬಾಗಿಲು ತಟ್ಟಬೇಕು ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಊರು.

ಹೊರಗಿನ ಒಂದು ನಿದರ್ಶನ

ಈ ಉತ್ತರವನ್ನು ಕೊಟ್ಟು ತೋರಿಸಿದ ಒಂದು ಊರು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್. 1998ರಲ್ಲಿ ಆ ದೇಶದ 15–16 ವರ್ಷದವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದೆವು ಎಂದವರು ಶೇ 42ರಷ್ಟಿದ್ದರು. 2016ರ ಹೊತ್ತಿಗೆ ಆ ಪ್ರಮಾಣ ಶೇ 5ಕ್ಕೆ ಇಳಿಯಿತು. ಭಾಷಣಗಳಿಂದ ಆದದ್ದಲ್ಲ ಇದು. ಮಕ್ಕಳ ಬದುಕಿನ ಬಗ್ಗೆ ನಿಯಮಿತವಾಗಿ ಸಮೀಕ್ಷೆ ಮಾಡಿ, ಫಲಿತಾಂಶವನ್ನು ಆಯಾ ಊರು, ಆಯಾ ಶಾಲೆಯ ಮುಂದಿಟ್ಟರು. ಆಟ, ಸಂಗೀತ, ನೃತ್ಯಗಳ ತರಬೇತಿಗೆ ಪ್ರತಿ ಮಗುವಿನ ಹೆಸರಿನಲ್ಲಿ ನಗರಸಭೆಯೇ ಹಣ ಕೊಟ್ಟಿತು. ತಂದೆತಾಯಿಯರು ಒಟ್ಟಾಗಿ ಒಪ್ಪಂದ ಮಾಡಿಕೊಂಡು, ಸಂಜೆ ಸರದಿಯ ಮೇಲೆ ಬೀದಿ ಸುತ್ತಿದರು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಹೊರಗಿರಬಾರದೆಂಬ ನಿಯಮವನ್ನೂ ತಂದರು.

ಐಸ್‌ಲ್ಯಾಂಡ್ ಸಿರಿವಂತ ದೇಶ. ಅದರ ಎಲ್ಲ ಕ್ರಮಗಳೂ ನಮಗೆ ಹೊಂದುವುದಿಲ್ಲ. ರಾತ್ರಿ ನಿರ್ಬಂಧ ನಮ್ಮಲ್ಲಿ ಬಂದರೆ ಮೊದಲು ಕಟ್ಟಿಹಾಕುವುದು ಹುಡುಗಿಯರನ್ನೇ. ಆದರೆ ಅಲ್ಲಿಂದ ಕಲಿಯಬೇಕಾದ ತತ್ತ್ವ ಒಂದಿದೆ: ಬೇಡ ಎನ್ನುವ ಮೊದಲು ಬೇಕಾದದ್ದನ್ನು ಒದಗಿಸಬೇಕು, ಅದನ್ನು ಅಳೆದು ನೋಡಬೇಕು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1990ರ ದಶಕದಲ್ಲಿಯೇ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಸಂಘಟನೆಯ ಒತ್ತಾಸೆಯಿಂದ ಮಕ್ಕಳ ಪಂಚಾಯಿತಿಗಳು ನಡೆದವು. ನಮ್ಮದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ರಂಗಭೂಮಿಯ ಮೂಲಕ ಹಳ್ಳಿಯ ಯುವಕರಿಗೆ ನಾಡಿನ ಉದ್ದಗಲದಲ್ಲಿ ವೇದಿಕೆ ಕೊಟ್ಟಿದೆ. ಒಂದು ಹಳ್ಳಿಗೆ ಸಾಧ್ಯವಾದದ್ದು ಎರಡು ತಾಲ್ಲೂಕಿಗೆ ಅಸಾಧ್ಯವೇನಲ್ಲ.

ಜಾಗ

ಮೊದಲನೆಯದು ಜಾಗ. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಉದ್ಯಾನ, ಆಟದ ಮೈದಾನಗಳ ಏರ್ಪಾಡೂ ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಪೋಷಣೆಯೂ ಅದರಲ್ಲಿವೆ. ಹಳ್ಳಿಗಳಿಗೆ ಅನ್ವಯಿಸುವ ಹನ್ನೊಂದನೇ ಅನುಸೂಚಿಯಲ್ಲಿ ಗ್ರಂಥಾಲಯ, ವೃತ್ತಿ ತರಬೇತಿ, ಸಾಂಸ್ಕೃತಿಕ ಚಟುವಟಿಕೆಗಳಿವೆ. ಚಳ್ಳಕೆರೆಯ ನಗರಸಭೆಗಾಗಲಿ, ಮೊಳಕಾಲ್ಮೂರು, ನಾಯಕನಹಟ್ಟಿಗಳ ಪಟ್ಟಣ ಪಂಚಾಯಿತಿಗಳಿಗಾಗಲಿ ಚರಂಡಿ, ಬೀದಿದೀಪಗಳಷ್ಟೇ ಕೆಲಸವಲ್ಲ. ಮೈದಾನವೂ ಅವುಗಳ ಕೆಲಸವೇ.

ಗ್ರಂಥಾಲಯಕ್ಕೆ ಹಣವಿಲ್ಲ ಎಂಬ ಮಾತನ್ನೂ ಪರಿಶೀಲಿಸಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಿದ್ದೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕಟ್ಟಡ ಇದೆ, ಪುಸ್ತಕ ಇದೆ. ಅದು ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂಬುದು ಮುಖ್ಯ. ಶಾಲೆ ಬಿಟ್ಟ ಮೇಲೆ, ಕೂಲಿ ಮುಗಿದ ಮೇಲೆ ತೆರೆದಿದ್ದರೆ ಮಾತ್ರ ಅದು ಯುವಜನರ ಜಾಗ. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಮನೆಯವರೆಗಿನ ದಾರಿಯಲ್ಲಿ ದೀಪ ಇದ್ದರೆ ಮಾತ್ರ ಅದು ಎಲ್ಲ ಯುವಜನರ ಜಾಗ. ಅದೇ ರೀತಿ, ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರಲ್ಲಿಯೇ ಕೇಂದ್ರದ ಕಾನೂನು ಬಂತು. ಆ ನೂರು ಗಜವನ್ನು ಅಳೆಯಲು ಪಟ್ಟಣದ ಆಡಳಿತಕ್ಕೆ ಯಾವ ಹೊಸ ಅನುದಾನವೂ ಬೇಕಿಲ್ಲ.

ಜೊತೆ

ಎರಡನೆಯದು ಹಿರಿಯರ ಜೊತೆ. ಮನೆಯಾಚೆ ನಂಬಬಲ್ಲ ಒಬ್ಬ ಹಿರಿಯರಿದ್ದರೆ ಹದಿಹರೆಯದವರು ಸಂಕಟವನ್ನು ದಾಟುವುದು ಸುಲಭವಾಗುತ್ತದೆ ಎಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು. ಅದಕ್ಕೆ ನಮ್ಮಲ್ಲೇ ದೊಡ್ಡ ಸಾಕ್ಷ್ಯವಿದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೋದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುಗಳಾಗಿದ್ದರು; ಶಿಷ್ಯ ತನ್ನ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಅವರಿಗೇ. ಇದೇ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಹಳ್ಳಿಯ ಮಕ್ಕಳಿಗೆ ಮೇಷ್ಟರಾಗಿಯೇ ಬಾಳಿ, ತಮ್ಮೂರಿನಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಒಬ್ಬ ಮೇಷ್ಟರು ಒಂದು ತಲೆಮಾರನ್ನು ಎತ್ತಬಲ್ಲರು ಎಂಬುದಕ್ಕೆ ಈ ಸೀಮೆ ಹೊರಗಿನ ನಿದರ್ಶನ ಹುಡುಕಬೇಕಿಲ್ಲ.

ಆದರೆ ಎಲ್ಲವನ್ನೂ ಮೇಷ್ಟರ ಹೆಗಲಿಗೆ ಹೇರುವುದೂ ಅನ್ಯಾಯ. ಇದಕ್ಕಾಗಿಯೇ ಇರುವ ಸಾರ್ವಜನಿಕ ವ್ಯವಸ್ಥೆಗಳನ್ನು ಊರು ಬಳಸಿಕೊಳ್ಳಬೇಕು. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿ ಓದು, ಸಂಬಂಧ, ವ್ಯಸನ, ಮನಸ್ಸಿನ ತೊಳಲಾಟಗಳ ಬಗ್ಗೆ ಆಪ್ತಸಲಹೆ ಕೊಡುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಇವು ಗೋಡೆಯ ಮೇಲಿನ ಬರಹಗಳಾಗಿ ಉಳಿಯಬಾರದು. ಯುವ ಸ್ಪಂದನದ ಆಪ್ತಸಲಹೆಗಾರರು ವಾರಕ್ಕೊಮ್ಮೆಯಾದರೂ ಮೊಳಕಾಲ್ಮೂರಿನಲ್ಲಿ ಕೂರುವಂತಾದರೆ, ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಲಾಗದ ಹುಡುಗಿಗೂ ಕೇಳುವ ಕಿವಿ ಸಿಗುತ್ತದೆ. ಗಡಿಯ ಹಳ್ಳಿಗಳ ಅನೇಕ ಮನೆಗಳಲ್ಲಿ ಮಾತು ತೆಲುಗು. ಸಂಕಟ ತೋಡಿಕೊಳ್ಳುವವರಿಗೆ ಮನೆಮಾತು ಬಲ್ಲ ಸಲಹೆಗಾರರು ಬೇಕು ಎಂಬುದನ್ನೂ ಮರೆಯಬಾರದು.

ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನ ಅಧ್ಯಾಪಕರಿಗೆ ವರ್ಷಗಳಿಂದ ತರಬೇತಿ ಕೊಡುತ್ತಿದೆ. ಬಹಳ ಒಳ್ಳೆಯ ಕೆಲಸ. ಅದರ ಮುಂದಿನ ಹೆಜ್ಜೆಯಾಗಿ ಸುತ್ತಲಿನ ಪ್ರತಿ ಪ್ರೌಢಶಾಲೆಗೆ ಒಬ್ಬ ವಿಜ್ಞಾನಿಯನ್ನೋ ಸಂಶೋಧನಾ ವಿದ್ಯಾರ್ಥಿಯನ್ನೋ ಒಡನಾಡಿಯಾಗಿ ಕೊಡಲಿ ಎಂದು ನಾವು ಕೇಳಬೇಕು. ಕಾವಲು ಕೊಟ್ಟ ಹಳ್ಳಿಗಳಿಗೆ ಅದನ್ನು ಕೇಳುವ ಅಧಿಕಾರವಿದೆ.

ಹೊಣೆ

ಮೂರನೆಯದು ಹೊಣೆ. ನಾವು ಅತ್ಯಂತ ಕಡಿಮೆ ಕೊಡುತ್ತಿರುವುದು ಇದನ್ನೇ. ಯುವಕರನ್ನು ಜಾತ್ರೆಯಲ್ಲಿ ಪೆಂಡಾಲು ಹಾಕಲು, ಚುನಾವಣೆಯಲ್ಲಿ ಬಾವುಟ ಕಟ್ಟಲು, ಮೆರವಣಿಗೆಯಲ್ಲಿ ಕೂಗಲು ಕರೆಯುತ್ತೇವೆ. ತೀರ್ಮಾನ ಮಾಡುವ ಹೊತ್ತಿಗೆ ‘ನಿಮಗೇನು ಗೊತ್ತು’ ಎನ್ನುತ್ತೇವೆ. ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಸೂಚನೆಯಿದೆ. ಅದು ಸಾರ್ಥಕವಾಗುವ ಬಗೆ ಹೀಗೆ: ಎಂಟನೇ ತರಗತಿಯ ಹುಡುಗಿ ಎದ್ದು ನಿಂತು ಬೆಳಗಿನ ಬಸ್ಸು ಶಾಲೆಯ ಗಂಟೆಗೆ ಮೊದಲು ಬರುವುದಿಲ್ಲ ಎಂದು ಹೇಳುತ್ತಾಳೆ. ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸುತ್ತಾರೆ. ಸಾರಿಗೆ ಘಟಕಕ್ಕೆ ಪತ್ರ ಹೋಗುತ್ತದೆ. ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಆ ಪತ್ರಕ್ಕೆ ಬಂದ ಉತ್ತರವನ್ನು ಓದಿ ಹೇಳುತ್ತಾರೆ. ಈ ಕೊನೆಯ ಹಂತ ನಡೆದರೆ ಆ ಹುಡುಗಿಗೆ ಪ್ರಜಾಪ್ರಭುತ್ವದ ಬೇರೆ ಪಾಠ ಬೇಕಿಲ್ಲ. ನಡೆಯದಿದ್ದರೆ, ಮಾತಾಡಿ ಉಪಯೋಗವಿಲ್ಲ ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ.

ದುಡಿಮೆಯ ಹೊಣೆಗೂ ಗೌರವ ಬೇಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಈ ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದರೆಂಬುದು ಜನರ ನಂಬಿಕೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆ ಮಾತಿನ ನ್ಯಾಯ ಸರಳ: ದುಡಿದವರಿಗೆ ದುಡಿದಷ್ಟು ಸಲ್ಲಬೇಕು. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಅದು ಎರಡು ವರ್ಷದ ಊರುಗೋಲು. ನಡೆಯಲು ದಾರಿ ಬೇರೆ ಬೇಕು. ಮೊಳಕಾಲ್ಮೂರು ಸೀರೆಯ ವಿನ್ಯಾಸ, ಲೆಕ್ಕಪತ್ರ, ಆನ್‌ಲೈನ್ ಮಾರಾಟಗಳನ್ನು ಊರಿನ ಪದವೀಧರರೇ ವಹಿಸಿಕೊಂಡು, ನೇಕಾರರ ಸಹಕಾರ ಸಂಘಗಳು ಅವರಿಗೆ ಸಂಬಳದ ಜಾಗ ಕೊಟ್ಟರೆ ಮಗ್ಗಕ್ಕೂ ಯುವಕರಿಗೂ ಒಟ್ಟಿಗೆ ಬದುಕು ಸಿಕ್ಕೀತು. ಅಜ್ಜನ ಗುಂಡಿಮಗ್ಗಕ್ಕೇ ಮೊಮ್ಮಗನನ್ನು ಕೂರಿಸುವುದು ಪರಂಪರೆಯ ರಕ್ಷಣೆಯಲ್ಲ. ಅವನು ಬಯಸಿ ಬರುವಂತೆ ಮಾಡುವುದು ರಕ್ಷಣೆ.

ಹೆಣ್ಣುಮಕ್ಕಳ ಪಾಲು

ಈ ಮೂರನ್ನೂ ಅಳೆಯಲು ಒಂದೇ ಅಳತೆಗೋಲು ಸಾಕು: ಅದು ಹುಡುಗಿಯರಿಗೂ ಸಿಕ್ಕಿತೇ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಕರೆ ಬಂದ ಮೇಲೆ ಮಂಟಪಕ್ಕೆ ಹೋಗಿ ಮದುವೆ ನಿಲ್ಲಿಸುವುದು ತೀರಾ ತಡವಾದ ಕೆಲಸ. ಹತ್ತನೇ ತರಗತಿಯ ನಂತರ ಹುಡುಗಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರವಿಲ್ಲದ ಮನೆ ಮದುವೆಯ ಮಾತೆತ್ತುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಉಚಿತವಾಗಿದೆ. ಆ ಬಸ್ಸು ಹಟ್ಟಿಯ ಹತ್ತಿರ ನಿಲ್ಲಬೇಕು, ಪಟ್ಟಣದಲ್ಲಿ ವಿದ್ಯಾರ್ಥಿನಿಲಯದ ಸೀಟು ಸಿಗಬೇಕು. ಈ ಎರಡು ಆದರೆ ಎಷ್ಟೋ ಮದುವೆಗಳು ತಾವಾಗಿಯೇ ಮುಂದಕ್ಕೆ ಹೋಗುತ್ತವೆ.

ಮುಟ್ಟಿನ ಪ್ರತ್ಯೇಕತೆಯ ವಿಷಯದಲ್ಲಿ ಸರ್ಕಾರ ಗೊಲ್ಲರಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಬಯಲಿನ ಚಳಿ ಮಳೆಗಿಂತ ಸೂರು ಮೇಲು, ನಿಜ. ಆದರೆ ಕುಟೀರ ರೂಢಿಗೆ ಗೋಡೆ ಕಟ್ಟಿಕೊಟ್ಟಿತೇ ಹೊರತು ರೂಢಿಯನ್ನು ಬಿಡಿಸಲಿಲ್ಲ. ಅದನ್ನು ಬಿಡಿಸಬಲ್ಲವರು ಹಟ್ಟಿಯಲ್ಲೇ ಹುಟ್ಟಿ, ಓದಿ, ದಾದಿಯರಾಗಿ, ಶಿಕ್ಷಕಿಯರಾಗಿ ಮರಳಿ ಬರುವ ಹೆಣ್ಣುಮಕ್ಕಳು. ಹೊರಗಿನವರ ಮೂದಲಿಕೆಗಿಂತ ಅವರ ಒಂದು ನಡೆ ಹೆಚ್ಚು ಕೆಲಸ ಮಾಡುತ್ತದೆ. ಕಟ್ಟೆಮನೆಯ ಹಿರಿಯರು ಮದ್ಯದ ವಿಷಯದಲ್ಲಿ ತೋರಿದ ನೈತಿಕ ಅಧಿಕಾರವನ್ನು ಈ ವಿಷಯದಲ್ಲೂ ತೋರಿಸಲಿ ಎಂದು ಗೌರವದಿಂದಲೇ ಕೇಳಿಕೊಳ್ಳುತ್ತೇನೆ.

ಆಕ್ಷೇಪಗಳು

ಇಷ್ಟಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ನಾನು ಹೇಳಿದ ಬಹುಪಾಲು ಕ್ರಮಗಳಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ಬೀಗದ ಕೈ ಯಾರ ಬಳಿ ಇರಬೇಕು, ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರಬೇಕು ಎಂಬ ತೀರ್ಮಾನ. ಯುವಕರಿಗೆ ವೇದಿಕೆ ಕೊಟ್ಟರೆ ರಾಜಕೀಯ ನುಸುಳುತ್ತದೆ ಎನ್ನುವವರೂ ಇದ್ದಾರೆ. ವೇದಿಕೆ ಕೊಡದಿದ್ದರೂ ರಾಜಕೀಯ ಅವರನ್ನು ಬಿಟ್ಟಿಲ್ಲ; ಬಾವುಟ ಕೊಟ್ಟು ಬೀದಿಗಿಳಿಸಿದೆ. ಸಭೆಯಲ್ಲಿ ಕೂತು ಲೆಕ್ಕ ಕೇಳುವ ಯುವಕ ಊರಿಗೆ ಅಪಾಯವಲ್ಲ. ಮೂರನೆಯ ಆಕ್ಷೇಪ ಜಾತಿಯದು: ಎಲ್ಲ ಕೇರಿಯ ಹುಡುಗರು, ಹುಡುಗಿಯರು ಒಂದೇ ಜಾಗದಲ್ಲಿ ಸೇರಿದರೆ ಗಲಾಟೆ ಎಂಬ ಅಳುಕು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಹಿಂದುಳಿದವರ ದನಿಗೆ ಶಾಸನಸಭೆಯಲ್ಲಿ ಜಾಗ ಕೊಟ್ಟ ನಾವು ಊರಿನ ಮೈದಾನದಲ್ಲಿ ಎಲ್ಲರಿಗೂ ಜಾಗ ಕೊಡಲು ಹೆದರುವುದು ಸಲ್ಲದು.

ಕೊನೆಯದಾಗಿ ಒಂದು ಬೇಡಿಕೆಯನ್ನು ಸಭೆಯ ಮುಂದಿಡುತ್ತೇನೆ. ನಮ್ಮ ಸ್ಥಳೀಯ ಸಂಸ್ಥೆಗಳ ಆಯವ್ಯಯದಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಶೇ 5ರಷ್ಟು ಹಣ ತೆಗೆದಿಡುವ ನಿಯಮವಿದೆ, ಅದು ನ್ಯಾಯವಾದದ್ದು. ಯುವಜನರ ಹೆಸರಿನಲ್ಲಿ ಅಂಥದೊಂದು ಖಾತೆ ಇಲ್ಲ. ಚಳ್ಳಕೆರೆಯ ನಗರಸಭೆಯೂ ಮೊಳಕಾಲ್ಮೂರು, ನಾಯಕನಹಟ್ಟಿಗಳ ಪಟ್ಟಣ ಪಂಚಾಯಿತಿಗಳೂ ಮುಂದಿನ ಆಯವ್ಯಯದಲ್ಲಿ ಯುವಜನರಿಗಾಗಿ ಪ್ರತ್ಯೇಕ ಶೀರ್ಷಿಕೆ ತೆರೆಯಲಿ. ಮೊತ್ತ ಚಿಕ್ಕದಿದ್ದರೂ ಸರಿ. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುವ ಸಮಿತಿಯಲ್ಲಿ ಅರ್ಧದಷ್ಟು ಜನ 25 ವರ್ಷದೊಳಗಿನವರಿರಲಿ. ಅವರಲ್ಲಿ ಅರ್ಧ ಹುಡುಗಿಯರಿರಲಿ. ಖರ್ಚಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗ ಸಭೆಯಲ್ಲಿ ಅವರೇ ಓದಲಿ. ಇಲ್ಲಿ ಕೂತಿರುವ ಚುನಾಯಿತ ಪ್ರತಿನಿಧಿಗಳು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಬೇಕು. ಉಳಿದ ನಾವೆಲ್ಲ ಅದು ಸೇರಿತೇ ಎಂದು ವಿಚಾರಿಸುತ್ತಿರಬೇಕು. ಇದು ನನ್ನ ವಿನಂತಿ.